‘ಬರ್ತೀನಿ’ ಅನ್ನೋ ಬಟನ್

ಹತ್ತಕ್ಕ ನಾಕು. ನಾನ ಕೊಟ್ಟೀನಿ, ನನ್ನ ಬಾಯಿಲೆ ಹೇಳೀನಿ, ಹೇಳೂ ಮುಂದ ಹಲ್ಲ ಕಿಸದು ನಕ್ಕೀನಿ. ಆ ವಿಡಿಯೋ ಇನ್ನೂ ಅಲ್ಲೇ ಅದ. ಅಳಸಬೇಕಂತ ಎಷ್ಟೋ ಸಲ ಕುಂತೆ, ಅಳಸಲಿಲ್ಲ. ಅಳಸಿದ್ರ ನಾ ಹಂಗ ಮಾಡೇ ಇಲ್ಲ ಅಂದಂಗ ಆಗ್ತದ. ಮಾಡೀನಲ್ಲ! ನನ್ನ ಮಾರಿ ನಾನ ನೋಡ್ಕೊಳ್ಳಾಕ ಇರಲಿ ಅಂತ ಬಿಟ್ಟೀನಿ.

ಇದನ್ನ ನಮ್ಮ ಮನ್ಯಾಗ ಮಾತಾಡೂ ಹಂಗ ಬರಿಯಾಕತ್ತೀನಿ. ‘ಮನಿ’ ತಪ್ಪು, ‘ಮನೆ’ ಅನ್ಬೇಕು ಅಂತ ಯಾರರೆ ಕೆಂಪ ಪೆನ್ನ ಹಿಡಕೊಂಡು ಬಂದ್ರ ಬರ್ಲಿ. ಅದೇ ಪೆನ್ನ ಹಿಡಕೊಂಡು ನಾ ಏನ ಮಾಡೀನಿ ಅನ್ನೂದನ್ನೇ ಹೇಳಾಕ ಕುಂತೀನಿ.

ಸೋಲಾಪುರದ ನವಿ ಪೇಠದಾಗ ಒಂದು ಬಟ್ಟಿ ಅಂಗಡಿ ಮ್ಯಾಲ ನಂದು ಕಂಪ್ಯೂಟರ್ ಕ್ಲಾಸ್ ಅದ. ವಾರದಾಗ ಆರು ದಿನ ಟೈಪಿಂಗ್ ಕಲಸ್ತೀನಿ. ರವಿವಾರ ಮುಂಜಾನಿ ಬಾಗಲಾ ಹಾಕ್ಕೊಂಡು ವಿಡಿಯೋ ಗೇಮ್ ಆಡ್ತೀನಿ, ಆಡಿ ಅದು ಹೆಂಗ ಅದ ಅಂತ ವಿಡಿಯೋದಾಗ ಮಂದಿಗೆ ಹೇಳ್ತೀನಿ. ನಲವತ್ತು ದಾಟಿದ ಹೆಂಗಸಿಗೆ ಇದೇನ ಹುಚ್ಚು ಅಂತ ನಮ್ಮ ಅವ್ವ ಇವತ್ತಿಗೂ ಬೈತಾಳ. ಬೈಲಿ ಬಿಡ್ರಿ. ಅರ್ಧಾ ಕನ್ನಡ, ಅರ್ಧಾ ಮರಾಠಿ, ನಡು ನಡುವ ಇಂಗ್ಲಿಷ್. ನಮ್ಮ ಊರಾಗ ಎಲ್ಲಾರೂ ಮಾತಾಡೂದೇ ಹಂಗ, ನಾನೂ ಹಂಗೇ ಮಾತಾಡ್ತೀನಿ. ನೋಡೂ ಮಂದಿ ಭಾಳೇನ ಇಲ್ಲ, ಆದ್ರ ಇದ್ದವರು ನಂಬ್ತಾರ. ‘ತಕ್ಕಡಿ ಅಕ್ಕ’ ಅಂತ ಹೆಸರಿಟ್ಟಾರ. ಆ ಹೆಸರ ಕೇಳಿದ್ರ ನನಗ ಒಳಗೊಳಗ ಹಿಗ್ಗೇ ಹಿಗ್ಗು.

ತಕ್ಕಡಿ ಅಂದ್ರ ಒಂದು ನೋಟ್‌ಬುಕ್ಕು, ಅಷ್ಟೇ. ಒಂದೊಂದು ಗೇಮಿಗೆ ಒಂದೊಂದು ಪುಟ. ಕಥಿ, ಆಟ, ಚಿತ್ರ, ಧ್ವನಿ, ಭಾಷಾ. ಒಂದೊಂದಕ್ಕ ಎರಡೆರಡು ಮಾರ್ಕು, ಕೂಡಿಸಿದ್ರ ಹತ್ತು. ಮೊದಲನೇ ಪುಟದಾಗ ದಪ್ಪ ಅಕ್ಷರದಾಗ ಬರದೀನಿ: ‘ಎಲ್ಲಾರಿಗೂ ಒಂದೇ ಅಳತಿ.’ ಬರದದ್ದು ನೋಡಿದ್ರ ಈಗ ಮೈ ಉರೀತದ.

ಈ ನ್ಯಾಯದ ಹುಚ್ಚು ನಮ್ಮ ಅಪ್ಪಾರಿಂದ ಬಂದದ್ದು. ಅವರು ಸರಕಾರಿ ಕಚೇರ್ಯಾಗ ಕ್ಲಾರ್ಕ್ ಇದ್ರು. ಪರಿಚಯ ಇಲ್ಲದವರ ಅರ್ಜಿ ಬಂದ್ರ ಬಂದ ಸರತಿ ಪ್ರಕಾರ ತಗೀತಿದ್ರು. ನಮ್ಮ ಮಂದೀದು, ಬೀಗರದು, ಓಣಿಯವರದು ಬಂದ್ರ ಮಾತ್ರ ಗಂಟಿನ ತಳದಾಗ ಇಡ್ತಿದ್ರು. “ನಮ್ಮವರದು ಕಡೀಗೆ. ನಾಳೆ ಯಾರೂ ನನಗ ಬಟ್ಟ ಮಾಡಿ ತೋರಸಬಾರದು” ಅಂತಿದ್ರು. ಒಂದು ಸಲ ನಮ್ಮ ಸೋದರತ್ತೀದು ಒಂದು ದಾಖಲೆ ಕಾಗದ ಹಂಗೇ ತಳದಾಗ ಕುಂತು, ಅಂಗನವಾಡಿ ಕೆಲಸಕ್ಕ ಅರ್ಜಿ ಹಾಕೂ ತಾರೀಖು ದಾಟಿ ಹೋತು. ಅತ್ತಿ ಆಮ್ಯಾಲ ನಾಗರ ಪಂಚಮಿಗೆ ತವರಂತ ನಮ್ಮ ಮನಿಗೆ ಬರೂದ ಬಿಟ್ಳು. ಅಪ್ಪಾರು ಮಾತ್ರ ಕಡೀತನಕ “ನಾ ನ್ಯಾಯ ಬಿಟ್ಟವನಲ್ಲ” ಅಂತ ಎದಿ ಉಬ್ಬಿಸಿ ಹೇಳಕೋತ ಇದ್ರು. ನಾನೂ ಅದನ್ನೇ ನ್ಯಾಯ ಅಂತ ಕಲತೆ.

ಇನ್ನೊಂದು ಮಾತೂ ಹೇಳಿಬಿಡ್ತೀನಿ. ನಾ ಕಲತದ್ದು ಮರಾಠಿ ಸಾಲ್ಯಾಗ. ಕನ್ನಡ ಬಾಯಾಗ ಇತ್ತು, ಕೈಯಾಗ ಇರಲಿಲ್ಲ. ಮೂವತ್ತು ದಾಟಿದ ಮ್ಯಾಲ ಹಟಾ ಹಿಡದು, ಸಾಲಿ ಪುಸ್ತಕ ತಂದು, ಅ ಆ ಇ ಈ ಇಂದ ಓದಾಕ ಬರಿಯಾಕ ಕಲತೆ. ಪುಸ್ತಕದಾಗ ‘ಮನೆ’ ಇತ್ತು, ‘ಶಾಲೆ’ ಇತ್ತು, ‘ಮಳೆ’ ಇತ್ತು. ಓಹೋ, ನಾವು ಇಷ್ಟು ದಿನ ತಪ್ಪು ಮಾತಾಡಾಕತ್ತಿದ್ವಿ ಅಂತ ತಿಳಕೊಂಡೆ. ಹೊಸದಾಗಿ ಕಲತವರಿಗೆ ಒಂದು ಸೊಕ್ಕು ಇರ್ತದ ನೋಡ್ರಿ, ಅದು ನನಗ ತಲೀಗೆ ಏರಿತ್ತು.

ಹೋದ ವರ್ಷ ದೀಪಾವಳಿ ಮುಂದ ಒಂದು ಪರದೇಶದ ದೊಡ್ಡ ಗೇಮ್ ಬಂತು. ಅದರಾಗ ಒಬ್ಬ ಮುದುಕ ಮೀನುಗಾರ. ಹಡಗ ನಡಸಕೋತ ಅಂವ ಹರಕು ಮುರಕು ಇಂಗ್ಲಿಷ್ ಮಾತಾಡ್ತಾನ, ಅರ್ಧಾ ಅಕ್ಷರ ನುಂಗ್ತಾನ. ನನಗ ಎಷ್ಟ ಛಂದ ಅನಸ್ತು ಅಂತೀರಿ! “ಇದು ಪುಸ್ತಕದ ಭಾಷಾ ಅಲ್ಲ, ಜೀವ ಇರೂ ಭಾಷಾ” ಅಂತ ವಿಡಿಯೋದಾಗ ಹಾಡಿ ಹೊಗಳಿದೆ. ಆಡೂ ಮುಂದ ಒಂದು ಕುದುರಿ ಗ್ವಾಡ್ಯಾಗ ಸಿಕ್ಕೊಂಡು ಅರ್ಧಾ ತಾಸು ಅಲ್ಲೇ ನಿಂತಿತ್ತು. “ಇರಲಿ, ದೊಡ್ಡ ಗೇಮ್ ಅಂದ್ಮ್ಯಾಲ ಇಂಥಾವು ಇರ್ತಾವ, ಮುಂದಿನ ಅಪ್‌ಡೇಟ್‌ದಾಗ ತಿದ್ದತಾರ” ಅಂದೆ. ಕಥಿ ಸ್ವಲ್ಪ ಹಳೇದು ಅಂತ ಒಂದು ಮಾರ್ಕು ಕಡದು ಒಂಬತ್ತು ಕೊಟ್ಟೆ.

ಅದಾಗಿ ತಿಂಗಳಿಗೆ ಒಬ್ಬಾಕಿ ಹುಡುಗಿ ಕ್ಲಾಸಿನ ಮೆಟ್ಟಲಾ ಹತ್ತಿ ಬಂದ್ಳು. ಚಪಳಗಾಂವದಾಕಿ, ಅಕ್ಕಲಕೋಟದಾಗ ಕಂಪ್ಯೂಟರ್ ಕಲತಾಕಿ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಎರಡು ವರ್ಷ ಕುಂತು ತಾನೊಬ್ಬಾಕೇ ಒಂದು ಗೇಮ್ ಮಾಡ್ಯಾಳ. ಅವರ ಅಜ್ಜ ಕುರಿ ಕಾಯಾವ. ಅಜ್ಜನ ಕುರಿ ಹಿಂಡು ಚಪಳಗಾಂವದಿಂದ ಹೊಡಕೊಂಡು ಭೀಮಾ ನದಿ ದಂಡಿಗೆ ಮೇಯಾಕ ಒಯ್ಯಬೇಕು, ಮತ್ತ ತಿರುಗಿ ಮನಿಗೆ ತರಬೇಕು, ಇದೇ ಆಟ. ದಾರಿಯಾಗ ಮಾತೆಲ್ಲಾ ಅಜ್ಜಂದೇ, ಖರೇ ಅಜ್ಜನ ಧ್ವನಿ, ಕೆಳಗ ಅದೇ ಮಾತು ಅಕ್ಷರದಾಗ.

“ಒಯ್ಯೂದು ಅಷ್ಟೇ ಮುಗದದ ರಿ ಅಕ್ಕಾರ. ತಿರುಗಿ ಬರೂದು ಇನ್ನೂ ಆಗಬೇಕು” ಅಂದ್ಳು.

“ಯಾಕ, ಏನಾಗಿ ನಿಂತದ?”

“ಅಜ್ಜ ಫೋನಿನ ಮುಂದ ಮಾತಾಡಾಕ ನಾಚತಾನ್ರಿ. ಅರ್ಧಾ ಹೇಳ್ಯಾನ. ಉಳಿದ ಅರ್ಧಾ, ಮಂದಿ ಏನಂತಾರ ಕೇಳಿ ಆಮ್ಯಾಲ ಹೇಳ್ತೀನಿ, ಛೊಲೊ ಅಂದ್ರ ಸರಿ, ಇಲ್ಲಂದ್ರ ಕುರಿ ಕಾಯೂ ಮುದುಕಗ ಇದೆಲ್ಲಾ ಯಾಕ ಅಂದಾನ. ನೀವು ಹೇಳೂದನ್ನ ಅವಗ ಕೇಳಸ್ತೀನ್ರಿ. ಅಂವ ಹೂಂ ಅಂದ್ರೇ ಕುರಿ ಮನಿಗೆ ಬರ್ತಾವ.”

“ನನ್ನ ಅಳತಿ ಎಲ್ಲಾರಿಗೂ ಒಂದೇ ನೋಡವಾ, ಮೊದಲ ಹೇಳ್ತೀನಿ” ಅಂತ ಠೀವಿಲೆ ಅಂದೆ.

“ನಮಗ ಅಷ್ಟೇ ಬೇಕ್ರಿ” ಅಂದ್ಳು. ಪೆನ್ ಡ್ರೈವ್ ಮೇಜಿನ ಮ್ಯಾಲ ಇಟ್ಟು, “ಬರ್ತೀನ್ರಿ ಅಕ್ಕಾರ” ಅಂತ ಮೆಟ್ಟಲಾ ಇಳದ್ಳು. ನಾನೂ “ಹೂಂ, ಬಾ” ಅಂದೆ.

ಆಡಿದೆ. ಸುಳ್ಳ ಹೇಳಂಗಿಲ್ಲ, ಮೂರು ದಿನ ಬಿಡಲಾರದಂಗ ಆಡಿದೆ. ಮೋಡ ಕವದು ಬಂದ್ರ ಅಜ್ಜ “ಮಳಿ ಬರಾಕತ್ತದ, ಲಗೂನ ನಡೀರೆವ್ವಾ” ಅಂತಾನ. ಒಂದು ಮರಿ ಹಿಂದ ಬಿದ್ರ ಸಿಟ್ಟಿಲೆ ಬೈದು, ಮತ್ತ ತಾನೇ “ಬಾ ನನ್ನವ್ವಾ, ಬಾ” ಅಂತ ರಮಸ್ತಾನ. ಹನ್ನೂರ ದಾಟೂ ಮುಂದ “ಇಲ್ಲಿ ನೀರು ಸಿಹಿ ಅದಾವ, ಹೊಟ್ಟಿ ತುಂಬ ಕುಡೀರಿ” ಅಂತಾನ. ಹನ್ನೂರ ನಮ್ಮ ಅವ್ವನ ತವರು. ಆ ಮಾತು ಕೇಳಿ ನನ್ನ ಕಣ್ಣಾಗ ನೀರು ಬಂದ್ವು. ಗೇಮ್ ಆಡಿ ನಾ ಅತ್ತದ್ದು ಅದೇ ಮೊದಲು.

ಅಲ್ಲೇ ಹೆದರಿಕಿ ಹೊಕ್ಕಿತು ನೋಡ್ರಿ. ನಮ್ಮ ಕಡಿ ಹುಡುಗಿ, ನಮ್ಮ ಕಡಿ ಮಾತು, ಅವ್ವನ ತವರಿನ ನೀರು. ಒಂಬತ್ತು ಕೊಟ್ರ ಮಂದಿ ಏನಂತಾರ? ತಕ್ಕಡಿ ಅಕ್ಕ ತನ್ನವರ ಕಡಿ ವಾಲಿದ್ಳು ಅಂತಾರ. ಅಪ್ಪಾರು ಗಂಟಿನ ತಳದಾಗ ಇಡ್ತಿದ್ರಲ್ಲ, ಹಂಗ ಆ ಗೇಮ್ ತಗೊಂಡು ನಾನೂ ತಳದಾಗ ಇಟ್ಟೆ. ಕಣ್ಣೊರಸಿಕೊಂಡು ಪೆನ್ನ ತಗೊಂಡೆ. ಕಥಿ ಅರ್ಧಾನೇ ಅದ, ಒಂದು. ಒಂದು ಕುರಿ ಜಾಲಿ ಕಂಟ್ಯಾಗ ಸಿಕ್ಕೊಂಡು ನಿಂತಿತ್ತು, ಆಟಕ್ಕ ಒಂದು. ಚಿತ್ರಕ್ಕ ಒಂದು. ತಾಲೀಮು ಇಲ್ಲದ ಧ್ವನಿ, ಒಂದು. ಭಾಷಾ? ‘ಮನಿ’ ಅಂತ ಬರದಾಳ, ‘ಮಳಿ’ ಅಂತ ಬರದಾಳ, ಎಲ್ಲಾ ಅಶುದ್ಧ. ಸೊನ್ನಿ.

ಆಮ್ಯಾಲ ಆ ಬಟನ್. ಗೇಮ್ ಬಂದ್ ಮಾಡಿ ಹೊರಗ ಬರಾಕ ಎಲ್ಲಾ ಗೇಮಿನಾಗೂ ಒಂದು ಬಟನ್ ಇರ್ತದ, ‘ಎಕ್ಸಿಟ್’ ಅಂತ. ಈಕಿ ಗೇಮಿನಾಗ ಅದರ ಮ್ಯಾಲ ‘ಬರ್ತೀನಿ’ ಅಂತ ಇತ್ತು. ಒತ್ತಿದ್ರ ಅಜ್ಜನ ಧ್ವನಿ “ಹೂಂ, ಬಾ” ಅಂತಿತ್ತು, ಗೇಮ್ ಬಂದ್ ಆಗ್ತಿತ್ತು. ನಾ ವಿಡಿಯೋದಾಗ ಅದನ್ನ ದೊಡ್ಡದು ಮಾಡಿ ತೋರಿಸಿದೆ. “ನೋಡ್ರಿ, ನೋಡ್ರಿ! ಬರ್ತೀನಿ ಅಂತ ಬರದಾರ. ಒತ್ತೂನು? ಹೋತು! ಬರ್ತೀನಿ ಅಂದು ಓಡಿ ಹೋಗೂ ಗೇಮ್ ಇದು! ಕನ್ನಡದಾಗ ಗೇಮ್ ಮಾಡಾವರು ಮೊದಲ ಹೋಗೂದು ಯಾವುದು, ಬರೂದು ಯಾವುದು ಅನ್ನೂದರೆ ಕಲೀಬೇಕ್ರೆಪಾ” ಅಂದೆ. ಅಂದು ಹೊಟ್ಟಿ ಹಿಡಕೊಂಡು ನಕ್ಕೆ. ಮಂದೀನೂ ನಕ್ರು. ನನ್ನ ಯಾವ ವಿಡಿಯೋಕ್ಕೂ ಅಷ್ಟು ಮಂದಿ ನಕ್ಕಿರಲಿಲ್ಲ. ಆ ಹುಡುಗಿ ಕೆಳಗ ಒಂದೇ ಸಾಲು ಬರದಿದ್ಳು: ‘ಥ್ಯಾಂಕ್ಸ್ ಅಕ್ಕಾರ, ತಿದ್ದತೀನಿ.’

ಸುಮಾರು ಒಂದೂವರಿ ತಿಂಗಳಾದ ಮ್ಯಾಲ, ಒಂದು ದಿನ ಮುಂಜಾನಿ ನಾ ಚಹಾ ಕುಡಕೋತ ಕುಂತಿದ್ದೆ. ಅವ್ವ ಕಾಯಿಪಲ್ಲೆ ತರಾಕ ಚೀಲ ಹಿಡಕೊಂಡು ಬಾಗಲದಾಗ ನಿಂತು, “ಬರ್ತೀನವಾ” ಅಂದ್ಳು. “ಹೂಂ, ಬಾ” ಅಂದೆ. ಅಂದದ್ದೇ ತಡ, ಆ ಬಟನ್ ನೆನಪಾತು, ಚಹಾದ ಬಸಿ ಕೆಳಗ ಇಟ್ಟೆ.

ಥೂ ನನ್ನ! ನಮ್ಮ ಮನ್ಯಾಗ ಯಾರು ಯಾವಾಗ ‘ಹೋಗ್ತೀನಿ’ ಅಂದಾರ? ಸಣ್ಣಾಕಿ ಇದ್ದಾಗ ಒಮ್ಮೆ ಅವಸರದಾಗ “ಸಾಲಿಗೆ ಹೋಗ್ತೀನಿ” ಅಂದಿದ್ದಕ್ಕ ಅವ್ವ ಕೈ ಹಿಡದು ಒಳಗ ಎಳಕೊಂಡು ಬಂದಿದ್ಳು. “ಹಂಗ ಅನ್ನಬಾರದು, ಅಪಶಕುನ” ಅಂತ ಕುಂಡ್ರಿಸಿ, ಒಂದು ಗುಟುಕು ನೀರು ಕುಡಿಸಿ, “ಈಗ ಬರ್ತೀನಿ ಅಂತ ಹೇಳಿ ನಡಿ” ಅಂದಿದ್ಳು. ಮರಾಠಿಯವರೂ ಹೊಂಡೂ ಮುಂದ ‘ಯೇತೋ’ ಅಂತಾರ, ಬರ್ತೀನಿ ಅಂತ. ಎರಡೂ ನಾಲಿಗಿಲೆ ನಾನ ದಿನಾ ಹತ್ತು ಸಲ ಅನ್ನೂ ಮಾತು. ಬಾಗಲದಾಗ ನಿಂತಾಗ ನಾ ಕನ್ನಡದಾಕಿ, ಕಂಪ್ಯೂಟರ್ ಮುಂದ ಕುಂತ್ರ ‘ಎಕ್ಸಿಟ್’ ಬಿಟ್ರ ಬೇರೆ ತಿಳಿಯಂಗಿಲ್ಲ. ಆ ಹುಡುಗಿ ಎರಡೂ ಕಡಿ ಒಬ್ಬಾಕೇ ಆಗಿದ್ಳು. ಅದಕ್ಕ ನಾ ಸೊನ್ನಿ ಕೊಟ್ಟಿದ್ದೆ.

ಎದ್ದು ನೋಟ್‌ಬುಕ್ ತಗದೆ. ಮೀನುಗಾರನ ಪುಟಾ, ಕುರಿಕಾರನ ಪುಟಾ ಎದರಾ ಬದರಾ ಇಟ್ಟು ನೋಡಿದೆ. ಅಲ್ಲಿ ಮುದುಕ ಅಕ್ಷರ ನುಂಗಿದ್ರ ಜೀವ ಇರೂ ಭಾಷಾ, ಪೂರಾ ಎರಡು. ಇಲ್ಲಿ ಮುದುಕ ‘ಮಳಿ’ ಅಂದ್ರ ಅಶುದ್ಧ. ಅಲ್ಲಿ ಕುದುರಿ ಗ್ವಾಡ್ಯಾಗ ಸಿಕ್ರ ಇರಲಿ, ಇಲ್ಲಿ ಕುರಿ ಕಂಟ್ಯಾಗ ಸಿಕ್ರ ಮಾರ್ಕು ಕಡಿ. ಎರಡೂ ನಂದೇ ಅಕ್ಷರ, ಒಂದೇ ಪೆನ್ನು. ಯಾರೂ ನನಗ ಹಂಗ ಮಾಡು ಅಂತ ಹೇಳಿರಲಿಲ್ಲ.

ಆ ರವಿವಾರಾನೇ ಇನ್ನೊಂದು ವಿಡಿಯೋ ಮಾಡಿದೆ. ನಂದು ತಪ್ಪಾಗ್ಯದ, ಹೆಂಗ ತಪ್ಪಾತು ಅಂತ ಬಿಚ್ಚಿ ಹೇಳಿದೆ, ಎಂಟು ಕೊಟ್ಟೆ. ಖರೇ ಅಂದ್ರ ಅದು ಎಂಟರ ಗೇಮು. ಅರ್ಧಾ ಕಥೀಗೆ ಒಂದು ಹೋಗಬೇಕು, ಕಂಟ್ಯಾಗಿನ ಕುರಿಗೆ ಒಂದು ಹೋಗಬೇಕು. ಹಂಗಂದ್ಮ್ಯಾಲ ಮೀನುಗಾರಂದೂ ಕುದುರಿಗೆ ಒಂದು ಕಡದು ಎಂಟು ಮಾಡಿದೆ. ಎರಡೂ ಎಂಟು. ನೋಡಿದವರು ಯಾರು? ಕೈಬಟ್ಟಿನ ಮ್ಯಾಲ ಎಣಸೂವಷ್ಟು ಮಂದಿ. ಅದರಾಗೂ ಒಬ್ಬಂವ ಕೇಳಿದ, “ಯಾಕ ಅಕ್ಕಾ, ನಿಮ್ಮ ಕಡಿ ಹುಡುಗಿ ಅಂತ ಈಗ ಗೊತ್ತಾತೇನು?” ಯಾವ ಮಾತಿಗೆ ಹೆದರಿ ಇಷ್ಟೆಲ್ಲಾ ಮಾಡಿದ್ನೋ, ಅದೇ ಮಾತು ಬಂತು.

ಬರ್ಲಿ, ಹುಡುಗೀಗರೆ ಹೇಳೂನು, ಅದಕ್ಕೂ ಮೊದಲ ಇನ್ನೊಮ್ಮೆ ಆಡೂನು ಅಂತ ಗೇಮ್ ಮತ್ತ ತಗದೆ. ಅಪ್‌ಡೇಟ್ ಬಂದಿತ್ತು. ಆಡಾಕ ಕುಂತೆ. ‘ಮನಿ’ ಹೋಗಿ ‘ಮನೆ’ ಆಗಿತ್ತು. ‘ಲಗೂನ ನಡೀರೆವ್ವಾ’ ಹೋಗಿ ‘ಬೇಗ ನಡೆಯಿರಿ’ ಆಗಿತ್ತು. ಅಜ್ಜನ ಧ್ವನೀನೇ ಇಲ್ಲ. ಆ ಹುಡುಗಿ ತಾನ ಸಾಲ್ಯಾಗ ಪಾಠಾ ಓದಿದಂಗ ಓದಿದ್ಳು. ಬಟನ್ ಮ್ಯಾಲ ‘ನಿರ್ಗಮನ’ ಅಂತಿತ್ತು. ಒತ್ತಿದೆ. “ಹೂಂ, ಬಾ” ಅನ್ನಾವರು ಯಾರೂ ಇರಲಿಲ್ಲ, ಸುಮ್ನ ಕರ್ರಗಾತು.

ಸಿಟ್ಟು ಬಂತು, ಆಕಿ ಮ್ಯಾಲೇ ಬಂತು. ಫೋನ್ ಹಚ್ಚಿ, “ನಾ ಅಂದೆ ಅಂತ ಹಂಗ ತಿದ್ದೂದಾ? ನಿನಗ ತಿಳುವಳಿಕಿ ಇಲ್ಲಾ?” ಅಂತ ಒದರಿದೆ. ಆಕಿ, “ನಿಮ್ಮ ಅಳತಿ ಎಲ್ಲಾರಿಗೂ ಒಂದೇ ಅಂದಿದ್ರಲ್ರಿ ಅಕ್ಕಾರ. ನನಗ ಹೌದಂತ ಅನಸ್ತು” ಅಂದ್ಳು. ಅಜ್ಜಗ ಭೆಟ್ಟಿ ಆಗಬೇಕು ಅಂತಷ್ಟೇ ಹೇಳಿ ಫೋನ್ ಇಟ್ಟೆ.

ಮುಂದಿನ ವಾರ ಕ್ಲಾಸಿಗೆ ಸೂಟಿ ಕೊಟ್ಟು ಎಸ್‌ಟಿ ಬಸ್ಸಿಗೆ ಅಕ್ಕಲಕೋಟಕ್ಕ ಹೋದೆ. ಹುಡುಗಿ ಸ್ಟ್ಯಾಂಡಿಗೆ ಸ್ಕೂಟರ್ ತಗೊಂಡು ಬಂದಿದ್ಳು. ಚಪಳಗಾಂವದ ದಾರಿಯಾಗ ಆಕೀನೇ ಹೇಳಿದ್ಳು. ನನ್ನ ವಿಡಿಯೋ ಬಂದ ದಿನ ಅಂಗಳದಾಗ ಎಲ್ಲಾರೂ ಕುಂತಿದ್ರಂತ, ಬಾಜೂ ಮನಿಯವರನ್ನೂ ಅಜ್ಜಾನೇ ಕರದಿದ್ನಂತ. ‘ಬರ್ತೀನಿ’ ಚ್ಯಾಷ್ಟಿಗೆ ಎಲ್ಲಾರೂ ನಕ್ರಂತ, ಅಜ್ಜಾನೂ ನಕ್ಕನಂತ. ನಕ್ಕು ಮುಗದ ಮ್ಯಾಲ, “ಶುದ್ಧ ಅಂದ್ರ ಹೆಂಗ ಇರ್ತದ ಬೇ?” ಅಂತ ಮೊಮ್ಮಗಳಿಗೆ ಕೇಳಿ, ಎದ್ದು ಕುರಿ ಕಡಿ ಹೋದನಂತ. “ಆವತ್ತಿಂದ ಫೋನಿನ ಮುಂದ ಕುಂಡ್ರವಲ್ಲರಿ” ಅಂದ್ಳು. ನಾ ಹಿಂದ ಕುಂತಿದ್ದೆ, ನನ್ನ ಮಾರಿ ಆಕಿಗೆ ಕಾಣಲಿಲ್ಲ, ಅದೊಂದು ಪುಣ್ಯಾ.

ಅಜ್ಜ ಹಟ್ಟಿ ಮುಂದ ಕುಂತು ಒಂದು ಮರಿಗೆ ಬೇವಿನ ತೊಪ್ಪಲ ತಿನಸಾಕತ್ತಿದ್ದ. ಮರಿ ಜೋಡಿ ಏನೋ ಮಾತಾಡಾಕತ್ತಿದ್ದ. ಅದೇ ಧ್ವನಿ, ಅದೇ ‘ನನ್ನವ್ವಾ’. ನನ್ನ ನೋಡಿದಾಂವನೇ ಎದ್ದು ನಿಂತ, ತಲೀಮ್ಯಾಲಿನ ಟೊಪ್ಪಗಿ ಸರಿ ಮಾಡ್ಕೊಂಡ. “ಯಾ ತಾಈ, ಬಸಾ. ಚಹಾ ಘ್ಯಾ” ಅಂದ. ಬರ್ರಿ, ಕುಂಡ್ರಿ, ಚಹಾ ತಗೋರಿ ಅಂತ, ಆದ್ರ ಮರಾಠಿಯಾಗ.

ನಾ ಕನ್ನಡದಾಗೇ ಅಂದೆ, “ಅಜ್ಜಾರ, ನಂದು ದೊಡ್ಡ ತಪ್ಪಾಗ್ಯದ್ರಿ. ಅದನ್ನ ಹೇಳಾಕೇ ಬಂದೀನಿ.”

“ತುಮಚೀ ಚೂಕ ನಾಹೀ ತಾಈ” ಅಂದ. ನಿಮ್ಮ ತಪ್ಪಿಲ್ಲ ಅಂತ. ಅಷ್ಟು ಮೆತ್ತಗ ಅಂದ, ಬೈದಿದ್ರ ಛೊಲೊ ಇತ್ತು.

ಮಾತು ಛಂದ ಅದ ರಿ ಅಂದೆ. ನಮ್ಮ ಅವ್ವನ ತವರು ಹನ್ನೂರ, ಅಲ್ಲಿ ಎಲ್ಲಾರೂ ಹಿಂಗೇ ಮಾತಾಡ್ತಾರ, ನಾನೂ ಹಿಂಗೇ ಮಾತಾಡ್ತೀನಿ, ಕೇಳಾಕತ್ತೀರಲ್ಲ ಅಂದೆ. ಕುರಿ ಇನ್ನೂ ಭೀಮಾ ದಂಡಿಯಾಗೇ ನಿಂತಾವ, ತಿರುಗಿ ಕರಕೊಂಡು ಬರಾಕ ನೀವೇ ಬೇಕು ಅಂದೆ. ಎರಡನೇ ವಿಡಿಯೋ ತೋರಸಾಕ ಫೋನ್ ತಗದೆ. ಅಂವ ಕೈ ಮುಗದ. “ಆಮ್ಹಾಲಾ ಶುದ್ಧ ಯೇತ ನಾಹೀ, ತಾಈ” ಅಂದ, ನಮಗ ಶುದ್ಧ ಬರಂಗಿಲ್ಲ ಅಂತ. ಸಿಟ್ಟಿಲೆ ಅನ್ನಲಿಲ್ಲ, ಚುಚ್ಚಾಕ ಅನ್ನಲಿಲ್ಲ. ಕಲತ ಬಾಯಿ ಹೇಳಿದ್ದನ್ನ ಖರೇ ಅಂತ ನಂಬಿದ್ದ. ಹುಡುಗಿ ನನ್ನ ಕಿವಿಯಾಗ, “ಈಗ ಹೊರಗಿನವರು ಬಂದ್ರ ಹಂಗೇ ಮಾತಾಡ್ತಾನ್ರಿ” ಅಂದ್ಳು. ಹೊರಗಿನವರು ಅಂದ್ರ ನಾನು.

ಚಹಾ ಕುಡದೆ. ಶೇಂಗಾ ಚಟ್ನಿ, ರೊಟ್ಟಿ ಕಟ್ಟಿ ಕೊಟ್ರು, ಬ್ಯಾಡ ಅನ್ನಾಕ ಮಾರಿ ಇರಲಿಲ್ಲ, ತಗೊಂಡೆ. ಅಂಗಳದ ಬಾಗಲಕ್ಕ ಬಂದು, ಒಂದು ಕಾಲಾಗ ಚಪ್ಪಲಿ ಹಾಕ್ಕೊಂಡು, ಯಾವತ್ತಿನಂಗ ನನಗ ಅರಿವಿಲ್ಲದಂಗೇ ಬಾಯಿಂದ ಬಂತು: “ಬರ್ತೀನ್ರಿ ಅಜ್ಜಾರ.”

ಅಂವ ನನ್ನ ನೋಡಿದ. ಇಷ್ಟೊತ್ತು ನನ್ನ ಜೋಡಿ ಒಂದು ಅಕ್ಷರ ಕನ್ನಡ ಆಡದಾಂವ ಈಗ ಆಡಿದ, ನೆನಪು ಮಾಡ್ಕೊಂಡು, ಒಂದೊಂದೇ ಶಬ್ದ ಎತ್ತಿ ಇಟ್ಟಂಗ.

“ಹಂಗಲ್ರಿ ಬಾಯಾರ. ಹೋಗ್ತೀನಿ ಅನ್ಬೇಕು.”

ಅವನ ಹಿಂದ ನಿಂತಿದ್ದ ಹುಡುಗಿ ತಲಿ ಕೆಳಗ ಹಾಕಿದ್ಳು. ನನ್ನ ಬಾಯಿಂದ ಎರಡೂ ಮಾತು ಬರಲಿಲ್ಲ. ಇನ್ನೊಂದು ಚಪ್ಪಲಿ ಹಾಕ್ಕೊಂಡು ಹೊಂಟು ಬಂದೆ.